ಹಳೇ ಕಿಚನ್ ಶಟರ್‌ಗೆ ಹೊಸ ಮೈಕಾ: ಎಲ್ಲಿಗೆ ಯಾವ ಅಂಟು?

ಕಿಚನ್ ಕಪಾಟಿನ ಬಾಕ್ಸ್ ಗಟ್ಟಿಯಾಗಿದ್ದು ಶಟರ್‌ಗಳ, ಅಂದರೆ ಬಾಗಿಲುಗಳ, ಮುಖ ಮಾತ್ರ ಕೆಟ್ಟಿದ್ದರೆ ಎಲ್ಲವನ್ನೂ ಕಿತ್ತು ಹೊಸದು ಮಾಡಿಸುವ ಅಗತ್ಯವಿಲ್ಲ. ಮೇಲೆ ಹೊಸ ಮೈಕಾ (ಲ್ಯಾಮಿನೇಟ್ ಶೀಟು) ಅಂಟಿಸಿದರೆ ಸಾಕು. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನ ಅಂಗಡಿಗಳಲ್ಲಿ ಮೈಕಾ ಬಣ್ಣ ಆರಿಸಲು ಅರ್ಧ ದಿನ ಕಳೆಯುವವರು, ಅಂಟಿನ ಸರದಿ ಬಂದಾಗ ‘ಐದು ಕೆಜಿ ಫೆವಿಕಾಲ್ ಹಾಕಿ’ ಎಂದು ಮುಗಿಸಿಬಿಡುತ್ತಾರೆ. ಮಳೆಗಾಲ ಬಂದಾಗ ಮೂಲೆಗಳು ಏಳುವುದಕ್ಕೆ ಅರ್ಧ ಕಾರಣ ಅದೇ. ಯಾವ ಅಂಟು ಬೇಕೆಂಬುದು ಹೊಸ ಮೈಕಾಗಿಂತ ಅದರ ಕೆಳಗಿರುವ ಹಳೇ ಮೈ ಎಂಥದ್ದು ಎನ್ನುವುದರ ಮೇಲೆ ನಿಂತಿದೆ.

ಮೊದಲು ಒಂದು ಶಟರ್ ಬಿಚ್ಚಿ ಮಲಗಿಸಿ, ಜಿಡ್ಡು ಒರೆಸಿ, ಅದರ ಮೇಲೆ ನಾಲ್ಕು ಹನಿ ನೀರು ಹಾಕಿ. ಐದು ನಿಮಿಷದೊಳಗೆ ನೀರು ಇಂಗಿ ಜಾಗ ಕಪ್ಪಾದರೆ ಬಿಳಿ ಅಂಟು ನಡೆಯುತ್ತದೆ. ಹನಿ ಹಾಗೇ ನಿಂತಿದ್ದರೆ ನಡೆಯುವುದಿಲ್ಲ. ಬಿಳಿ ಅಂಟು, ಅಂದರೆ ಫೆವಿಕಾಲ್ ಎಸ್‌ಎಚ್ ಥರದ ಪಿವಿಎ, ನೀರಿನಲ್ಲಿ ಬೆರೆಸಿದ ರಾಳ. ಆ ನೀರನ್ನು ಮರ ಹೀರಿಕೊಂಡ ಮೇಲೆಯೇ ಅದು ಗಟ್ಟಿಯಾಗುವುದು. ಹಳೇ ಮೈಕಾ ಮೇಲೆ ಹೊಸ ಮೈಕಾ ಹಾಕಿ ನಡುವೆ ಬಿಳಿ ಅಂಟು ಬಳಿದರೆ ನೀರಿಗೆ ಹೋಗಲು ದಾರಿಯೇ ಇಲ್ಲ. ಅಂಚಿನ ಒಂದೆರಡು ಇಂಚು ಒಣಗುತ್ತದೆ, ನಡುಭಾಗ ಹಸಿಯಾಗಿಯೇ ಕೂತಿರುತ್ತದೆ. ಹೊರಗಿನಿಂದ ಎಲ್ಲ ಸರಿಯಾಗಿ ಕಾಣುವುದರಿಂದ ಕೆಲಸದವರು ಹೋದ ಮೇಲೆಯೇ ಇದು ಗೊತ್ತಾಗುವುದು.

ಬೋಳು ಪ್ಲೈವುಡ್, ಅಥವಾ ಹಳೇ ಮೈಕಾ ಪೂರ್ತಿ ಕಿತ್ತು ಉಜ್ಜಿದ ಪ್ಲೈ ಆದರೆ ಬಿಳಿ ಅಂಟೇ ಒಳ್ಳೆಯದು. ಜೋಡಣೆ ಗಟ್ಟಿ, ವಾಸನೆಯಿಲ್ಲ, ಶೀಟು ಓರೆ ಕೂತರೆ ಸರಿಪಡಿಸಲು ಸ್ವಲ್ಪ ಹೊತ್ತೂ ಸಿಗುತ್ತದೆ. ಹಳೇ ಮೈಕಾ ಅಲ್ಲಾಡದೆ ಕೂತಿದ್ದು ಅದರ ಮೇಲೆಯೇ ಅಂಟಿಸುವುದಾದರೆ ಫೆವಿಕಾಲ್ ಎಸ್‌ಆರ್ 998 ಥರದ ರಬ್ಬರ್ ಅಂಟು ಬೇಕು. ಅದಕ್ಕೂ ಮೊದಲು 80ನೇ ನಂಬರಿನ ಸ್ಯಾಂಡ್ ಪೇಪರ್‌ನಿಂದ ಹೊಳಪು ಪೂರ್ತಿ ಹೋಗುವ ತನಕ ಉಜ್ಜಬೇಕು. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಹಳೇ ಮೈಕಾ ಬಿಟ್ಟಿದೆ ಎಂದು ಅರ್ಥ. ಅಲ್ಲಿ ಎಂಥ ಅಂಟು ಹಾಕಿದರೂ ಹಳೆಯದು ಹೊಸದನ್ನೂ ಎಳೆದುಕೊಂಡು ಏಳುತ್ತದೆ, ಹಾಗಾಗಿ ಕೀಳಲೇಬೇಕು. ಎನಾಮಲ್ ಪೇಂಟ್ ಹೊಡೆದ ಹಳೇ ಮರದ ಬಾಗಿಲಿಗೂ ಇದೇ ಮಾತು: ಅಂಟು ಹಿಡಿಯುವುದು ಪೇಂಟಿಗೆ, ಪೇಂಟು ಮರವನ್ನು ಬಿಟ್ಟರೆ ಎಲ್ಲವೂ ಬಿಟ್ಟಂತೆ. ಪೇಂಟ್ ಕೆರೆದು ತೆಗೆಯಿರಿ.

ಅಪಾರ್ಟ್‌ಮೆಂಟ್‌ಗಳಲ್ಲಿ ಹೆಚ್ಚಾಗಿ ಸಿಗುವ ಮೆಂಬ್ರೇನ್ ಶಟರ್ ಎಂದರೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೇಲೆ ಬಿಸಿಯಲ್ಲಿ ಕೂರಿಸಿದ ಪಿವಿಸಿ ಹಾಳೆ. ಒಲೆಯ ಪಕ್ಕದಲ್ಲಿ ಅದು ಸುಕ್ಕಾಗಿ ಎದ್ದಿರುತ್ತದೆ. ಹಾಳೆಯ ಮೇಲೆ ಅಂಟಿಸಲು ಹೋಗಬೇಡಿ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಒಂದು ಮೂಲೆಯಿಂದ ಎಳೆದರೆ ಬರುತ್ತದೆ. ಉಳಿದ ಅಂಟನ್ನು ಕೆರೆದು, ಉಜ್ಜಿ, ಧೂಳು ಒರೆಸಿದರೆ ಕೆಳಗಿನ ಎಂಡಿಎಫ್ ಮೈಕಾ ಹಿಡಿಯುತ್ತದೆ, ಮುಖ ಸಮತಟ್ಟಾಗಿದ್ದರೆ ಮಾತ್ರ. ಡಿಸೈನ್ ಕೊರೆದ ಶಟರ್‌ಗೆ ಈ ಕೆಲಸ ಆಗುವುದಿಲ್ಲ. ಇನ್ನು ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ ಹಲಗೆ): ಅದಕ್ಕೆ ಅಂಟಿಲ್ಲ, ಶಟರ್ ಬದಲಿಸಿ.

ಆಮೇಲೆ ಶಟರ್ ಇರುವ ಜಾಗ ನೋಡಬೇಕು. ಸಿಂಕ್ ಕೆಳಗಿನ ಶಟರ್‌ಗೆ ಬಿಳಿ ಅಂಟು ಹಾಕುವುದಾದರೆ ಮಾಮೂಲಿಯದು ಬೇಡ, ನೀರು ತಡೆಯುವ ಮರೀನ್ ಗ್ರೇಡ್ ತನ್ನಿ. ಆದರೆ ಅಲ್ಲಿ ನೀರು ನುಗ್ಗುವುದು ಮುಖದಿಂದಲ್ಲ, ಕೆಳಗಿನ ಅಂಚಿನಿಂದ ಮತ್ತು ಹಿಂಜ್ ಕೂರುವ 35 ಎಂಎಂ ಗುಂಡಿಯಿಂದ. ನಾಲ್ಕೂ ಅಂಚಿಗೆ ಪಟ್ಟಿ ಅಂಟಿಸದೆ ದುಬಾರಿ ಅಂಟು ತಂದು ಉಪಯೋಗವಿಲ್ಲ. ಒಲೆಯ ಅಕ್ಕಪಕ್ಕ ಮತ್ತು ಕೆಳಗೆ ಮಾಮೂಲಿ ರಬ್ಬರ್ ಅಂಟು ಬಿಸಿಗೆ ಮೆದುವಾಗುತ್ತದೆ, ಅಂಚು ಮೆಲ್ಲಗೆ ಜಾರುತ್ತದೆ. ಆ ಎರಡು ಮೂರು ಶಟರ್‌ಗಳಿಗೆ ಮಾತ್ರ ಫೆವಿಕಾಲ್ ಹೀಟ್‌ಎಕ್ಸ್ ಥರದ ಶಾಖ ತಡೆಯುವ ಅಂಟಿನ ಚಿಕ್ಕ ಡಬ್ಬಿ ಸಾಕು. ಇಡೀ ಕಿಚನ್‌ಗೆ ಅದನ್ನೇ ಬಳಸುವುದು ದುಡ್ಡು ದಂಡ.

ಲೆಕ್ಕ ಹೀಗಿದೆ. ಎಂಟಡಿ ನಾಲ್ಕಡಿಯ ಒಂದು ಮೈಕಾ ಶೀಟಿಗೆ, ಅಂದರೆ 32 ಚದರಡಿಗೆ, ಬಿಳಿ ಅಂಟು ಮುಕ್ಕಾಲು ಕೆಜಿ ಹತ್ತಿರ. ರಬ್ಬರ್ ಅಂಟನ್ನು ಎರಡೂ ಕಡೆ ಬಳಿಯಬೇಕಾದ್ದರಿಂದ ಹೆಚ್ಚೂಕಮ್ಮಿ ಒಂದು ಲೀಟರ್. ಡಬ್ಬಿಯ ಮೇಲಿನ ತಯಾರಿಕೆಯ ದಿನಾಂಕ ನೋಡದೆ ತರಬೇಡಿ. ತೆರೆದಾಗ ಗಂಟುಗಂಟಾಗಿದ್ದರೆ ವಾಪಸ್ ಕೊಡಿ. ಬಿಳಿ ಅಂಟಿಗೆ ನೀರು ಬೆರೆಸಿ ‘ಹಿಗ್ಗಿಸುವ’ ಅಭ್ಯಾಸ ಕೆಲವರಿಗಿದೆ, ಅದನ್ನು ಅಲ್ಲೇ ನಿಲ್ಲಿಸಿ.

ಶುಚಿ ಮಾಡುವ ಕ್ರಮ ತಪ್ಪಬಾರದು. ವರ್ಷಗಟ್ಟಲೆ ಒಗ್ಗರಣೆ ಹೊಗೆ ಕುಡಿದ ಮೈಯನ್ನು ಮೊದಲೇ ಉಜ್ಜಿದರೆ ಜಿಡ್ಡು ಗೀರುಗಳ ಒಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ಮೊದಲು ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಒರೆಸಿ, ಬರೀ ನೀರಿನಲ್ಲಿ ಮತ್ತೊಮ್ಮೆ ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಥಿನ್ನರ್ ಬಟ್ಟೆ. ಕೊನೆಗೆ ಸ್ಯಾಂಡ್ ಪೇಪರ್.

ಬಿಳಿ ಅಂಟನ್ನು ಹಲ್ಲಿನ ಪಟ್ಟಿಯಿಂದ ತೆಳುವಾಗಿ, ಎಲ್ಲ ಕಡೆ ಒಂದೇ ಸಮ ಎಳೆಯಿರಿ. ಮೈಕಾವನ್ನು ಶಟರ್‌ಗಿಂತ ನಾಲ್ಕೂ ಕಡೆ 5 ಎಂಎಂ ದೊಡ್ಡದಾಗಿ ಕತ್ತರಿಸಿ ಕೂರಿಸಿ, ಅಂಚಿಗೆ ಟೇಪ್ ಸುತ್ತಿ, ಶಟರ್‌ಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ದಪ್ಪ ಪ್ಲೈ ಇಟ್ಟು ಭಾರ ಹೇರಿ. ಎಂಟು ಗಂಟೆಗೆ ಮುಂಚೆ ತೆಗೆಯಬೇಡಿ, ಅಂಚಿನಿಂದ ಹೊರಚಾಚಿದ ಮೈಕಾ ಕತ್ತರಿಸುವುದು 24 ಗಂಟೆ ಆದ ಮೇಲೆ. ಮೈಕಾ ಹೊರಮುಖಕ್ಕೆ ಮಾತ್ರ ಅಂಟಿಸಿ ಒಳಮುಖ ಬೋಳು ಬಿಟ್ಟರೆ ಶಟರ್ ಬಾಗುತ್ತದೆ, ಹಿಂಜ್ ಎಷ್ಟು ತಿರುಗಿಸಿದರೂ ಬಾಗಿಲು ಕೂರುವುದಿಲ್ಲ. ಒಳಗಿನ ಮೈಕಾ ಕಿತ್ತಿದ್ದರೆ ಅಲ್ಲಿಗೂ ತೆಳು ಲೈನರ್ (ಒಳಮುಖದ ಮೈಕಾ) ಹಾಕಲೇಬೇಕು.

ರಬ್ಬರ್ ಅಂಟಿನ ರೀತಿಯೇ ಬೇರೆ. ಶಟರ್‌ಗೂ ಮೈಕಾ ಹಿಂಬದಿಗೂ ತೆಳುವಾಗಿ ಬಳಿದು 10ರಿಂದ 15 ನಿಮಿಷ ಬಿಡಿ. ಬೆರಳಿಟ್ಟರೆ ಜಿಗುಟು ತಿಳಿಯಬೇಕು, ಆದರೆ ಅಂಟು ಬೆರಳಿಗೆ ಬರಬಾರದು. ಅದೇ ಸಮಯ. ಹಸಿಯಿರುವಾಗಲೇ ಮುಚ್ಚಿದರೆ ಅಂಟಿನಲ್ಲಿರುವ ಸಾಲ್ವೆಂಟ್ (ಆವಿಯಾಗಿ ಹೋಗಬೇಕಾದ ದ್ರವ) ಒಳಗೇ ಸಿಕ್ಕಿಕೊಂಡು ಗುಳ್ಳೆ ಎಬ್ಬಿಸುತ್ತದೆ. ತೀರಾ ಒಣಗಿಸಿದರೆ ಹಿಡಿಯುವುದೇ ಇಲ್ಲ. ಒಮ್ಮೆ ತಾಗಿದರೆ ಕದಲಿಸಲಾಗದು, ಆದ್ದರಿಂದ ನಡುವೆ ನಾಲ್ಕೈದು ತೆಳು ಮರದ ರೀಪರ್ ಪಟ್ಟಿ ಅಡ್ಡ ಇಟ್ಟು, ಮೈಕಾ ಅಳತೆಗೆ ಹೊಂದಿಸಿ, ಒಂದೊಂದೇ ಪಟ್ಟಿ ಎಳೆಯುತ್ತಾ ಒತ್ತಿ. ರಬ್ಬರ್ ರೋಲರನ್ನು ನಡುವಿನಿಂದ ಅಂಚಿಗೆ, ಮೈಭಾರ ಹಾಕಿ ಉರುಳಿಸಿ. ಈ ಅಂಟಿಗೆ ರಾತ್ರಿಯಿಡೀ ಭಾರ ಬೇಕಿಲ್ಲ, ಆ ಕ್ಷಣದ ಒತ್ತಡವೇ ಮುಖ್ಯ.

ಬೆಂಗಳೂರಿನ ಮಳೆಗಾಲದ ಸಂಜೆಗಳಲ್ಲಿ ರಬ್ಬರ್ ಅಂಟಿಗೆ ಇನ್ನೊಂದು ತೊಂದರೆಯಿದೆ. ಸಾಲ್ವೆಂಟ್ ಆರುವಾಗ ಅಂಟಿನ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಅಂಟು ಮಂಜು ಹಿಡಿದಂತೆ ಬೆಳ್ಳಗಾದರೆ ಮುಚ್ಚಬೇಡಿ. ಆ ಪದರ ಪೂರ್ತಿ ಒಣಗಲು ಬಿಟ್ಟು, ಮೇಲೆ ಮತ್ತೊಂದು ತೆಳು ಕೈ ಹಾಕಿ. ಮಳೆ ಬರುವ ಮುಂಚೆ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಈ ಕೆಲಸ ಮುಗಿಸಿಕೊಂಡರೆ ಉಪದ್ರವ ಕಮ್ಮಿ.

ರಬ್ಬರ್ ಅಂಟಿನ ಆವಿಗೆ ಬೆಂಕಿ ಹತ್ತುತ್ತದೆ ಎನ್ನುವುದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಶಟರ್ ಬಿಚ್ಚಿ ಬಾಲ್ಕನಿಯಲ್ಲೋ ಟೆರೇಸಿನಲ್ಲೋ ಬಳಿಯಿರಿ. ಬಾಕ್ಸಿನ ಪಕ್ಕಗಳಿಗೆ ಒಳಗೇ ಅಂಟಿಸಬೇಕಾದರೆ ಗ್ಯಾಸ್ ವಾಲ್ವ್ ಮುಚ್ಚಿ, ಫ್ರಿಜ್ ಪ್ಲಗ್ ಕೀಳಿ, ಎಲ್ಲ ಕಿಟಕಿ ತೆರೆಯಿರಿ. ದೇವರ ಗೂಡು ಕಿಚನ್ ಒಳಗೇ ಇದ್ದರೆ ದೀಪ ಆರಿಸಿರಬೇಕು.

ಅಂಚಿನ ಪಟ್ಟಿಗೆ ಮನೆಯಲ್ಲಿ ಮಾಡುವಾಗ ರಬ್ಬರ್ ಅಂಟೇ ಸುಲಭ. ಪ್ಲೈ ಅಂಚು ಮೊದಲ ಕೈಯನ್ನು ಕುಡಿದುಬಿಡುವುದರಿಂದ ಅಲ್ಲಿಗೆ ಎರಡು ಕೈ. ಸಡಿಲವಾದ ಹಿಂಜ್ ಸ್ಕ್ರೂ ತೂತಿಗೆ ಬಿಳಿ ಅಂಟಿನಲ್ಲಿ ಅದ್ದಿದ ಮರದ ಕಡ್ಡಿ ಹೊಡೆದು, ಮರುದಿನ ಸ್ಕ್ರೂ ಹಾಕಿ. ಮುಂದೆ ಎಂದಾದರೂ ಮೂಲೆ ಎದ್ದರೆ ಮೇಲಿನಿಂದ ಫೆವಿಕ್ವಿಕ್ ಸುರಿಯಬೇಡಿ, ಅದು ಗಾಜಿನಂತೆ ಬಿರುಸಾಗಿ ಶಟರ್ ಬಡಿತಕ್ಕೆ ಸೀಳುತ್ತದೆ. ತೆಳು ಚಾಕುವಿನಿಂದ ಮೂಲೆ ಬಿಡಿಸಿ, ಒಳಗಿನ ಧೂಳು ಜಿಡ್ಡು ತೆಗೆದು, ಎರಡೂ ಮೈಗೆ ರಬ್ಬರ್ ಅಂಟು ತಾಗಿಸಿ, ಕಾದು, ಒತ್ತಿ ಒಂದು ರಾತ್ರಿ ಟೇಪ್ ಹಾಕಿಡಿ.