ಮಾಡಿಫೈ ಮಾಡಿಸಿದ ಕಾರು ಮಾರೋದು ಹೇಗೆ? ಮೊದಲು ಅಟ್ಟದ ಮೇಲಿರೋ ಸ್ಟಾಕ್ ಪಾರ್ಟ್ಸ್ ಇಳಿಸಿ

ಕೆಟ್ಟ ಸುದ್ದಿ ಮೊದಲೇ ಹೇಳ್ಬಿಡ್ತೀನಿ, ಗಾಡಿಗೆ ಸುರಿದ ದುಡ್ಡು ವಾಪಸ್ ಬರಲ್ಲ. ಅಲಾಯ್‌ಗೆ ಇಷ್ಟು, ಸಸ್ಪೆನ್ಷನ್‌ಗೆ ಇಷ್ಟು, ಸೈಲೆನ್ಸರ್‌ಗೆ ಇಷ್ಟು ಅಂತ ಬಿಲ್ಲೆಲ್ಲ ಕೂಡಿಸಿ ಗಾಡಿ ರೇಟಿನ ಮೇಲೆ ಹಾಕಿ ಕೇಳಿದ್ರೆ ಫೋನ್ ಮಾಡೋರೂ ಮಾಡಲ್ಲ. ನಾನು ಮಾಡಿದ್ದೂ ಅದನ್ನೇ. ಒಂದೂವರೆ ತಿಂಗಳು ಜಾಹೀರಾತು ಹಾಕ್ಕೊಂಡು ಕೂತಿದ್ದೆ, ಬಂದವರೆಲ್ಲ ಹುಡುಗರು, ಒಂದು ಸಲ ಸ್ಟಾರ್ಟ್ ಮಾಡಿ ಸೌಂಡ್ ಕೇಳಿ ವಿಡಿಯೋ ತಗೊಂಡು ಸೂಪರ್ ಬ್ರೋ ಅಂದು ಹೋದ್ರು. ನಿಜವಾಗ್ಲೂ ತಗೊಳ್ಳೋ ಥರ ಬಂದಿದ್ದು ಒಬ್ರೇ, ಹೆಂಡತಿ ಮಕ್ಕಳ ಜೊತೆ ಬಂದಿದ್ರು, ಬಗ್ಗಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ತೂರಿಸಿ ನೋಡಿ "ಇದನ್ನ ರೇಸ್‌ಗೆ ಓಡಿಸ್ತಿದ್ರಾ?" ಅಂತ ಕೇಳಿದ್ರು. ಇಲ್ಲ ಸರ್ ಅಂದೆ. ನಂಬ್ಲಿಲ್ಲ. ಕೊನೆಗೆ ಎಲ್ಲಾ ಬಿಚ್ಚಿ ಸ್ಟಾಕ್ ಮಾಡಿ, ಅಂದ್ರೆ ಕಂಪನಿಯಿಂದ ಬಂದ ಹಾಗೇ ಮಾಡಿ, ಮತ್ತೆ ಜಾಹೀರಾತು ಹಾಕಿದ ಮೇಲೆ 9 ದಿನಕ್ಕೆ ಗಾಡಿ ಹೋಯ್ತು.

ತಗೊಳ್ಳೋರ ಕಡೆಯಿಂದ ಯೋಚನೆ ಮಾಡಿದ್ರೆ ಇದು ಸರಿಯಾಗೇ ಇದೆ. ನಮಗೆ ಅದು ಆಸೆಪಟ್ಟು ಮಾಡಿಸಿದ್ದು, ಅವರಿಗೆ ಅದು ಅನುಮಾನ. ಗಾಡಿ ಯದ್ವಾತದ್ವಾ ಓಡಿಸಿರ್ತಾನೆ, ಕ್ಲಚ್ ಹೋಗಿರತ್ತೆ, ವೈರಿಂಗ್ ಎಲ್ಲೋ ಕತ್ತರಿಸಿರ್ತಾನೆ, ಇನ್ಶೂರೆನ್ಸ್‌ನವರು ನಾಳೆ ತಕರಾರು ತೆಗೀತಾರೆ, ಇಷ್ಟೂ ಅವರ ತಲೇಲಿ ಓಡ್ತಿರತ್ತೆ. ಅದಕ್ಕೆ ರೇಟ್ ಹಾಕೋವಾಗ ನಿಮ್ಮ ಬಿಲ್ ಪಕ್ಕಕ್ಕಿಡಿ. ಅದೇ ಮಾಡೆಲ್, ಅದೇ ವರ್ಷ, ಹೆಚ್ಚುಕಮ್ಮಿ ಅಷ್ಟೇ ಕಿಲೋಮೀಟರ್ ಓಡಿರೋ ಸ್ಟಾಕ್ ಗಾಡಿ ಎಷ್ಟಕ್ಕೆ ಹೋಗ್ತಿದೆ ನೋಡಿ, ಅಲ್ಲಿಂದ ಶುರು ಮಾಡಿ. ರಿವರ್ಸ್ ಕ್ಯಾಮೆರಾ, ಒಳ್ಳೆ ಹೆಡ್ ಯೂನಿಟ್ (ಡ್ಯಾಶ್‌ಬೋರ್ಡಿನ ಮ್ಯೂಸಿಕ್ ಸಿಸ್ಟಮ್), ಡ್ಯಾಶ್‌ಕ್ಯಾಮ್, ಹೊಸ ಟೈರು ಇವಕ್ಕೆ ಯಾರಾದ್ರೂ ಸ್ವಲ್ಪ ಜಾಸ್ತಿ ಕೊಡ್ತಾರೆ. ರ‍್ಯಾಪ್ (ಬಾಡಿ ಮೇಲೆ ಅಂಟಿಸೋ ಬಣ್ಣದ ಹಾಳೆ), ಸ್ಪಾಯ್ಲರ್, ಬಾಡಿ ಕಿಟ್ಟು ಸೊನ್ನೆ. ಇಳಿಸಿರೋ ಸಸ್ಪೆನ್ಷನ್, ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸಿ ಪವರ್ ಏರಿಸೋದು), ಜೋರು ಸೈಲೆನ್ಸರ್ ಇವು ಹೆಚ್ಚಿನವರ ಲೆಕ್ಕದಲ್ಲಿ ಮೈನಸ್ಸು. ಡೀಲರ್ ಹತ್ರ ಎಕ್ಸ್‌ಚೇಂಜ್‌ಗೆ ಹೋದ್ರಂತೂ ಅವನು ಎಲ್ಲದಕ್ಕೂ ಕತ್ತರಿ ಹಾಕ್ತಾನೆ, ಯಾಕಂದ್ರೆ ಅವನು ಅದನ್ನ ಇನ್ನೊಬ್ಬರಿಗೆ ಮಾರ್ಬೇಕಲ್ಲ.

ಹಾಗಾಗಿ ನಿಮ್ಮ ಮುಂದೆ ಮೂರು ದಾರಿ. ಹಂಗೇ ಮಾರೋದು, ಪೂರ್ತಿ ಸ್ಟಾಕ್‌ಗೆ ತರೋದು, ಇಲ್ಲಾ ಬೆಲೆ ಬಾಳೋ ಪಾರ್ಟ್ಸ್ ಮಾತ್ರ ಬಿಚ್ಚಿ ಬೇರೆ ಮಾರಿ ಉಳಿದಿದ್ದು ಬಿಡೋದು. ಹಂಗೇ ಮಾರ್ಬೇಕು ಅಂದ್ರೆ ಅದೇ ಮಾಡೆಲ್ ಹುಚ್ಚಿರೋರು ಸಿಗ್ಬೇಕು, ಅವರು ಕಡಿಮೆ ಜನ, ಕಾಯೋಕೆ ಟೈಮಿದ್ರೆ ಅವರೇ ಒಳ್ಳೆ ಗಿರಾಕಿ, ನೀವು ಯಾವ ಬ್ರ್ಯಾಂಡಿನ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಹಾಕಿದ್ದೀರಿ ಅಂತ ಹೇಳಿದ್ರೆ ಅರ್ಥ ಆಗೋದು ಅವರಿಗೆ ಮಾತ್ರ. ಉಳಿದವರೆಲ್ಲ ಮೂರನೇ ದಾರಿ ಹಿಡಿಯೋದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಅಲಾಯ್, ಆಂಪ್ (ಆಂಪ್ಲಿಫೈಯರ್), ಸಬ್‌ವೂಫರ್, ಕಾಯ್ಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಸೆಟ್), ಇಂಟೇಕ್ (ಇಂಜಿನ್‌ಗೆ ಗಾಳಿ ಎಳೆಯೋ ಪೈಪು) ಇವನ್ನ ಬಿಡಿಬಿಡಿಯಾಗಿ ಮಾರಿದ್ರೆ ಗಾಡಿ ಜೊತೆ ಸೇರಿಸಿ ಕೊಡೋದಕ್ಕಿಂತ ಜಾಸ್ತಿ ದುಡ್ಡು ಕೈಗೆ ಬರತ್ತೆ. ಆದ್ರೆ ಬಿಚ್ಚೋ ಮಜೂರಿ ಲೆಕ್ಕ ಹಾಕಿ. ಕಾಯ್ಲೋವರ್ ಬಿಚ್ಚಿ ಸ್ಟಾಕ್ ಸ್ಪ್ರಿಂಗ್ ಹಾಕಿ ಅಲೈನ್‌ಮೆಂಟ್ ಮಾಡ್ಸೋಕೆ ಆಗೋ ಖರ್ಚು ಆ ಕಾಯ್ಲೋವರ್ ಮಾರಿದ್ರೆ ಬರೋ ದುಡ್ಡಿನ ಹತ್ರ ಹತ್ರ ಇದ್ರೆ ಸುಮ್ನಿರೋದೇ ಲಾಭ. ಇದೆಲ್ಲ ಒರಿಜಿನಲ್ ಪಾರ್ಟ್ಸ್ ಇಟ್ಕೊಂಡಿದ್ರೆ ಮಾತ್ರ ನಡೆಯೋ ಮಾತು. ಗುಜರಿಗೆ ಹಾಕಿದ್ರೆ ಈಗ ಸೆಕೆಂಡ್ ಹ್ಯಾಂಡ್ ಹುಡುಕ್ಬೇಕು, ಅದೂ ಒಂದು ಖರ್ಚು.

ಸ್ಟಾಕ್ ಮಾಡೋವಾಗ ಜನ ಎಡವೋದು ಸಣ್ಣಸಣ್ಣ ವಿಷಯಕ್ಕೆ. ಚಕ್ರದ ನಟ್ಟನ್ನೇ ತಗೊಳ್ಳಿ. ಹೊರಗಿಂದ ತಂದ ಅಲಾಯ್‌ಗೆ ಸಾಮಾನ್ಯವಾಗಿ ತುದಿ ಇಳಿಜಾರಾಗಿ ಕೋನ್ ಥರ ಇರೋ ನಟ್ ಬರತ್ತೆ, ಕೆಲವು ಕಂಪನಿಗಳ ಸ್ಟಾಕ್ ಚಕ್ರಕ್ಕೆ ಚೆಂಡಿನ ಥರ ಉರುಟಾಗಿ ಕೂರೋ ನಟ್ಟು ಬೋಲ್ಟು ಬೇಕು. ಎರಡರ ಥ್ರೆಡ್ಡೂ ಒಂದೇ, ಅದಕ್ಕೆ ತಿರುಗಿಸಿದ್ರೆ ಸಲೀಸಾಗಿ ಹೋಗತ್ತೆ, ಟೈಟೂ ಆದಂಗೆ ಅನ್ಸತ್ತೆ, ಆದ್ರೆ ಚಕ್ರಕ್ಕೆ ತಾಗೋದು ಒಂದು ಸಣ್ಣ ಗೆರೆ ಮಾತ್ರ. ನಾನು ಸ್ಟಾಕ್ ಚಕ್ರ ಹಾಕಿ ಅಲಾಯ್ ನಟ್ಟನ್ನೇ ತಿರುಗಿಸಿ ಗಾಡಿ ಹೊರಗೆ ತಂದಿದ್ದೆ, ಸ್ವಲ್ಪ ದೂರ ಹೋಗೋಷ್ಟರಲ್ಲಿ ಸ್ಟೀರಿಂಗ್ ನಡುಗೋಕೆ ಶುರು, ಇಳಿದು ನೋಡಿದ್ರೆ ಎರಡು ನಟ್ಟು ಕೈಯಲ್ಲೇ ತಿರುಗ್ತಿತ್ತು! ಅವತ್ತಿಂದ ನಟ್ಟು ಯಾವ ಚಕ್ರದ್ದೋ ಅದರ ಜೊತೆಗೇ ಕವರಲ್ಲಿ ಕಟ್ಟಿಡ್ತೀನಿ. ಹಾಕೋವಾಗ ಟಾರ್ಕ್ ವ್ರೆಂಚಲ್ಲೇ ಟೈಟ್ ಮಾಡಿ, ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 100ರಿಂದ 120 ನ್ಯೂಟನ್ ಮೀಟರ್ ಆಸುಪಾಸು ಇರತ್ತೆ, ನಿಮ್ಮ ಗಾಡಿದು ಎಷ್ಟು ಅಂತ ಮ್ಯಾನುಯಲ್‌ನಲ್ಲಿರತ್ತೆ, 50-100 ಕಿ.ಮೀ. ಓಡಿಸಿ ಇನ್ನೊಂದ್ಸಲ ಚೆಕ್ ಮಾಡಿ. ಟೈರ್ ಪ್ರೆಷರ್ ಸೆನ್ಸರ್ ಇರೋ ಗಾಡಿ ಆದ್ರೆ ಅವು ಬಿಚ್ಚಿದ ಅಲಾಯ್ ಚಕ್ರದಲ್ಲೇ ಉಳಿದಿದ್ಯಾ ಅಂತಾನೂ ನೋಡ್ಕೊಳ್ಳಿ. ಬ್ರೇಕ್ ದೊಡ್ಡದು ಹಾಕಿಸಿದ್ರೆ ಸ್ಟಾಕ್ ಚಕ್ರ ಕ್ಯಾಲಿಪರ್‌ಗೆ (ಬ್ರೇಕ್ ಪ್ಯಾಡ್ ಒತ್ತೋ ಭಾಗ) ತಾಗಬಹುದು, ಡಿಕ್ಕಿಲಿರೋ ಸ್ಟೆಪ್ನಿಗೂ ಅದೇ ಕಥೆ, ಪಂಕ್ಚರ್ ಆದಾಗ್ಲೇ ಗೊತ್ತಾಗೋದು.

ಟೈರ್ ಸೈಜಿನ ಬಗ್ಗೆ ಒಂದು ಮಾತು, ಇದನ್ನ ಯಾರೂ ಹೇಳಲ್ಲ. 195/65 ಆರ್15 ಟೈರಿನ ಎತ್ತರ ಸುಮಾರು 634 ಮಿ.ಮೀ., 225/45 ಆರ್17 ಹಾಕಿದ್ರೂ ಹೆಚ್ಚುಕಮ್ಮಿ ಅಷ್ಟೇ, ತೊಂದ್ರೆ ಇಲ್ಲ. ಅದೇ ಜಾಗಕ್ಕೆ 215/60 ಆರ್16 ಹಾಕಿದ್ರೆ ಎತ್ತರ ಸುಮಾರು 664 ಆಗತ್ತೆ, ಅಂದ್ರೆ ಹತ್ತಿರಹತ್ತಿರ 4.7% ದೊಡ್ಡದು. ಮೀಟರ್ ಅಷ್ಟು ಕಡಿಮೆ ತೋರ್ಸತ್ತೆ, ಓಡೋಮೀಟರ್ ಕೂಡ. ಆ ಟೈರಲ್ಲಿ ಮೀಟರ್ ಪ್ರಕಾರ 50,000 ಓಡಿಸಿದ್ರೆ ಗಾಡಿ ನಿಜವಾಗಿ 52,000 ದಾಟಿರತ್ತೆ. ಇದನ್ನ ನೀವೇ ಬಾಯಿಬಿಟ್ಟು ಹೇಳಿ, ಗಿರಾಕಿ ಲೆಕ್ಕ ಹಾಕಿ ಕಂಡುಹಿಡಿದ್ರೆ ಮೀಟರ್ ತಿರುಗಿಸಿದ್ದಾನೆ ಅಂತಾನೇ ಅಂದ್ಕೊಳ್ಳೋದು.

ಸ್ಪ್ರಿಂಗ್ ಕೆಲಸ ಮನೇಲಿ ಮಾಡ್ಬೇಡಿ, ಗ್ಯಾರೇಜ್‌ಗೆ ಕೊಡಿ. ಒತ್ತಿಟ್ಟ ಸ್ಪ್ರಿಂಗ್ ಜಾರಿದ್ರೆ ಮುಖಾನೇ ಹೋಗತ್ತೆ, ತಮಾಷೆ ಅಲ್ಲ. ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ, ಸಸ್ಪೆನ್ಷನ್ ಆರ್ಮ್‌ಗಳ ರಬ್ಬರ್ ಬುಶ್ ಬೋಲ್ಟನ್ನ ಗಾಡಿ ಮೇಲೆ ಎತ್ತಿರೋವಾಗ ಕೊನೇ ಟೈಟ್ ಮಾಡ್ಬೇಡಪ್ಪ, ಚಕ್ರದ ಮೇಲೆ ಭಾರ ಕೂತ ಮೇಲೆ ಮಾಡು ಅಂತ. ಇಲ್ಲದಿದ್ರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯತ್ತೆ. ಆಮೇಲೆ ಅಲೈನ್‌ಮೆಂಟ್, ಅದರ ಪ್ರಿಂಟ್‌ಔಟ್ ಇಟ್ಕೊಳ್ಳಿ. ಗಿರಾಕಿಗೆ ತೋರ್ಸೋಕೆ ಅದಕ್ಕಿಂತ ಒಳ್ಳೆ ಕಾಗದ ಇಲ್ಲ.

ರೀಮ್ಯಾಪ್ ಮಾಡ್ಸಿದ್ರೆ ಸ್ಟಾಕ್ ಫೈಲ್ ವಾಪಸ್ ಹಾಕ್ಸಿ, ಪಿಗ್ಗಿಬ್ಯಾಕ್ ಡಬ್ಬ (ಇಂಜಿನ್ ಕಂಪ್ಯೂಟರ್‌ನ ಸಿಗ್ನಲ್ ಬದಲಾಯಿಸೋ ಡಬ್ಬ) ಇದ್ರೆ ಬಿಚ್ಚಿ. ಟರ್ಬೋ ಗಾಡಿಲಿ ಬೂಸ್ಟ್ (ಟರ್ಬೋ ತಳ್ಳೋ ಗಾಳಿಯ ಒತ್ತಡ) ಏರಿಸಿರೋ ಮ್ಯಾಪು ಹಂಗೇ ಬಿಟ್ಟು, ಓಡಿಸೋಕೆ ಗೊತ್ತಿಲ್ಲದವರ ಕೈಗೆ ಕೊಡೋದು ಸರಿಯಲ್ಲ. ಆದ್ರೆ ಸ್ಟಾಕ್ ಹಾಕಿದೆ, ಇನ್ನು ಯಾರಿಗೂ ಗೊತ್ತಾಗಲ್ಲ ಅಂತ ಅಂದ್ಕೋಬೇಡಿ, ಎಷ್ಟೋ ಇಸಿಯುಗಳು (ಇಂಜಿನ್ ಕಂಪ್ಯೂಟರ್‌ಗಳು) ಎಷ್ಟು ಸಲ ಫ್ಲ್ಯಾಶ್ ಆಗಿದೆ, ಅಂದ್ರೆ ಸಾಫ್ಟ್‌ವೇರ್ ಬದಲಾಗಿದೆ ಅಂತ ಲೆಕ್ಕ ಇಟ್ಕೊಂಡಿರತ್ವೆ, ಡೀಲರ್ ಕಂಪ್ಯೂಟರ್‌ಗೆ ಸಿಕ್ಕಿಸಿದ್ರೆ ಕಾಣತ್ತೆ, ವಾರಂಟಿ ಬಾಕಿ ಇರೋ ಗಾಡಿ ಆದ್ರೆ ಹೊಸ ಓನರ್ ತಲೆ ಮೇಲೆ ಬೀಳತ್ತೆ. ಅದಕ್ಕೆ ರೀಮ್ಯಾಪ್ ಇತ್ತು, ಇಂಥ ತಿಂಗಳು ತೆಗೆಸಿದೆ ಅಂತ ಹೇಳೇ ಮಾರಿ. ಇನ್ನೊಂದು, ಫ್ಲ್ಯಾಶ್ ಮಾಡಿದ ಮೇಲೆ ಅಥವಾ ಎರರ್ ಕೋಡ್ ಅಳಿಸಿದ ಮೇಲೆ ಓಬಿಡಿಯ (ಗಾಡಿ ತನ್ನನ್ನೇ ತಪಾಸಣೆ ಮಾಡ್ಕೊಳ್ಳೋ ವ್ಯವಸ್ಥೆ) ರೆಡಿನೆಸ್ ಮಾನಿಟರ್‌ಗಳು, ಅಂದ್ರೆ ಯಾವ ತಪಾಸಣೆ ಮುಗಿದಿದೆ ಅನ್ನೋ ಗುರುತುಗಳು, ಸಾಮಾನ್ಯವಾಗಿ ಖಾಲಿ ಆಗತ್ವೆ, ಮತ್ತೆ ತುಂಬೋಕೆ ಕೆಲವು ದಿನ ಸಿಟಿ ಹೈವೇ ಎರಡೂ ಓಡಿಸ್ಬೇಕು. ಈಗ ಎಲ್ಲರ ಹತ್ರಾನೂ ಬ್ಲೂಟೂತ್ ಸ್ಕ್ಯಾನರ್ ಇದೆ, ಬಂದವರು ಸಿಕ್ಕಿಸಿ ನೋಡಿ ನಾಟ್ ರೆಡಿ ಅಂತ ಬಂದ್ರೆ ಇವನು ಬೆಳಿಗ್ಗೆ ತಾನೇ ಚೆಕ್ ಇಂಜಿನ್ ಲೈಟ್ ಆರಿಸಿದ್ದಾನೆ ಅಂತ ಎದ್ದು ಹೋಗ್ತಾರೆ. ಮಾರೋಕೆ ಒಂದು ವಾರ ಮುಂಚೇನೇ ಈ ಕೆಲಸ ಮುಗಿಸಿ.

ಕೆಲವು ವಿಷಯದಲ್ಲಿ ಆಯ್ಕೆ ಅನ್ನೋದೇ ಇಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಪೈಪಲ್ಲಿ ಹೊಗೆ ಶುದ್ಧ ಮಾಡೋ ಡಬ್ಬ) ಕಿತ್ತಿದ್ರೆ ವಾಪಸ್ ಹಾಕ್ಲೇಬೇಕು, ಬಹಳಷ್ಟು ದೇಶಗಳಲ್ಲಿ ಅದಿಲ್ಲದೆ ಗಾಡಿ ರಸ್ತೆಗೆ ತರೋದೇ ಕಾನೂನಿಗೆ ವಿರುದ್ಧ, ಹೊಗೆ ಪರೀಕ್ಷೇಲೂ ಪಾಸಾಗೋದು ಕಷ್ಟ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರತ್ತೆ, ಹಳೇದನ್ನ ಗ್ಯಾರೇಜಲ್ಲೇ ಬಿಟ್ಟು ಬಂದಿದ್ರೆ ಅದು ಇಷ್ಟೊತ್ತಿಗೆ ಯಾರದೋ ಜೇಬು ಸೇರಿರತ್ತೆ ಬಿಡಿ. ಸ್ಟೀರಿಂಗ್ ಬದಲಾಯಿಸಿ ಏರ್‌ಬ್ಯಾಗ್ ತೆಗೆದಿದ್ರೆ, ಅಥವಾ ರೇಸಿಂಗ್ ಸೀಟ್ ಹಾಕೋವಾಗ ಸೀಟಿನ ಏರ್‌ಬ್ಯಾಗ್ ಹೋಗಿ ಲೈಟ್ ಬರದೇ ಇರ್ಲಿ ಅಂತ ರೆಸಿಸ್ಟರ್ ಸಿಕ್ಕಿಸಿದ್ರೆ, ಅದನ್ನ ಹಂಗೇ ಮಾರೋದು ಮೋಸ, ಬೇರೆ ಹೆಸರಿಲ್ಲ ಅದಕ್ಕೆ. ಒರಿಜಿನಲ್ ಹಾಕ್ಸಿ, ಏರ್‌ಬ್ಯಾಗ್ ಬಲ್ಲವರಿಂದಾನೇ ಹಾಕ್ಸಿ. ಬಣ್ಣ, ಇಂಜಿನ್ ಬದಲಾಯಿಸಿದ್ರೆ ಗಾಡಿ ದಾಖಲೆಲೂ ಅದು ಸೇರಿದ್ಯಾ ನೋಡಿ, ಇಲ್ಲ ಅಂದ್ರೆ ಹೆಸರು ವರ್ಗಾವಣೆ ದಿನ ಇಬ್ರೂ ಕೌಂಟರ್ ಮುಂದೆ ಮುಖ ಮುಖ ನೋಡ್ಕೋಬೇಕಾಗತ್ತೆ.

ಆಂಪ್ ಬಿಚ್ಚಿದವರು ಬ್ಯಾಟರಿಯಿಂದ ಬರೋ ದಪ್ಪ ಕೆಂಪು ವೈರನ್ನ ಡಿಕ್ಕಿಲಿ ಟೇಪ್ ಸುತ್ತಿ ಕಾರ್ಪೆಟ್ ಕೆಳಗೆ ತುರುಕಿರ್ತಾರೆ. ಆ ತುದೀಲಿ ಯಾವಾಗ್ಲೂ ಕರೆಂಟ್ ಇರತ್ತೆ, ಟೇಪ್ ಬಿಸಿಲಿಗೆ ಕರಗಿ ತಗಡಿಗೆ ತಾಗಿದ್ರೆ ಬೆಂಕಿ. ಬ್ಯಾಟರಿ ಕಡೆಯಿಂದ್ಲೇ ಕಿತ್ತು ಪೂರ್ತಿ ಎಳೆದು ತೆಗೀರಿ. ರ‍್ಯಾಪ್ ತೆಗೆಯೋದಾದ್ರೆ ಬಿಸಿ ಗಾಳಿ ತೋರಿಸ್ತಾ ಮೇಲಕ್ಕೆ ಎಳೀದೆ ಪ್ಯಾನಲ್‌ಗೆ ಮಲಗಿಸಿದಂಗೆ ನಿಧಾನಕ್ಕೆ ಹಿಂದಕ್ಕೆ ಎಳೀರಿ, ಕಂಪನಿ ಪೇಂಟ್ ಆದ್ರೆ ಉಳಿಯತ್ತೆ, ಹೊರಗೆ ಪೇಂಟ್ ಮಾಡ್ಸಿರೋ ಪ್ಯಾನಲ್ ಆದ್ರೆ ಪೇಂಟೂ ಜೊತೆಗೆ ಎದ್ದು ಬರಬಹುದು. ನನ್ನ ಕೇಳಿದ್ರೆ ರ‍್ಯಾಪ್ ತೆಗೆದೇ ಮಾರಿ, ಯಾಕಂದ್ರೆ ಅದರ ಕೆಳಗೆ ಏನು ಮುಚ್ಚಿಟ್ಟಿದ್ದೀರಿ ಅನ್ನೋದೇ ಎಲ್ಲರ ಮೊದಲ ಪ್ರಶ್ನೆ.

ಜಾಹೀರಾತಲ್ಲಿ "ಫುಲ್ಲಿ ಲೋಡೆಡ್, ರಾಕೆಟ್, ಒಮ್ಮೆ ಓಡ್ಸಿದ್ರೆ ಬಿಡಲ್ಲ" ಅಂತೆಲ್ಲ ಬರೀಬೇಡಿ, ರಾಕೆಟ್ ಅಂದ ತಕ್ಷಣ ಸಂಸಾರಸ್ಥರು ಓಡಿಹೋಗ್ತಾರೆ. ಏನೇನು ಬದಲಾಗಿದೆ, ಯಾವ ಬ್ರ್ಯಾಂಡ್, ಎಷ್ಟು ಕಿಲೋಮೀಟರಲ್ಲಿ ಹಾಕಿದ್ದು, ಯಾರು ಹಾಕಿದ್ದು, ಯಾವುದರ ಸ್ಟಾಕ್ ಪಾರ್ಟ್ ಜೊತೆಗೆ ಕೊಡ್ತೀನಿ ಅಂತ ಸಾದಾ ಮಾತಲ್ಲಿ ಬರೀರಿ. ಸರ್ವಿಸ್ ಬಿಲ್ಲುಗಳ ಫೋಟೋ, ಗಾಡಿ ಕೆಳಗಿನ ಫೋಟೋ, ಟೈರ್ ಒಳಗಡೆ ಅಂಚಿನ ಫೋಟೋ ಹಾಕಿ. ಇಳಿಸಿದ ಗಾಡಿಲಿ ಸವೆಯೋದು ಆ ಒಳಅಂಚೇ, ಗೊತ್ತಿರೋರು ಅದನ್ನೇ ಮೊದಲು ಕೇಳ್ತಾರೆ. ಗಿರಾಕಿ ಬರೋ ದಿನ ಇಂಜಿನ್ ಬಿಸಿ ಮಾಡಿ ಇಟ್ಕೋಬೇಡಿ, ತಣ್ಣಗಿರೋ ಇಂಜಿನ್ ಅವರ ಮುಂದೇನೇ ಸ್ಟಾರ್ಟ್ ಮಾಡಿ. ಟೆಸ್ಟ್ ಡ್ರೈವ್‌ಗೆ ಲೈಸೆನ್ಸ್ ನೋಡಿ ಕೊಡಿ, ಜೊತೆಗೆ ಕೂತ್ಕೊಳ್ಳಿ, ಪಕ್ಕದಲ್ಲಿ ಕೂತು ಒತ್ತಿ ಸರ್ ಒತ್ತಿ ನೋಡಿ ಅನ್ನೋದು ಬೇಡ. ಗಾಡಿ ಬಂಪರ್ ತಾಗೋ ಹಂಪ್ ಇದ್ರೆ ಮುಂಚೇನೇ ಹೇಳಿ.

ವ್ಯಾಪಾರ ಕುದುರಿದ ಮೇಲೆ ಒಂದು ಕಾಗದದಲ್ಲಿ ಬದಲಾಯಿಸಿದ್ದು, ತೆಗೆದಿದ್ದು, ಡಬ್ಬದಲ್ಲಿ ಕೊಟ್ಟಿದ್ದು ಎಲ್ಲಾ ಬರೆದು ಇಬ್ರೂ ಸಹಿ ಹಾಕಿ ಒಂದೊಂದು ಕಾಪಿ ಇಟ್ಕೊಳ್ಳಿ, ಇನ್ಶೂರೆನ್ಸ್‌ನವರಿಗೆ ತಿಳಿಸೋಕೆ ಅವರಿಗೂ ಆ ಪಟ್ಟಿ ಬೇಕಾಗತ್ತೆ. ಹೆಡ್ ಯೂನಿಟ್‌ನಿಂದ ನಿಮ್ಮ ಫೋನು, ಮನೆ ವಿಳಾಸ ಅಳಿಸಿ, ಜಿಪಿಎಸ್ ಟ್ರ್ಯಾಕರ್ ಇದ್ರೆ ಅಕೌಂಟಿಂದ ಗಾಡಿ ತೆಗೀರಿ.

ಮತ್ತೆ ಅಲಾಯ್ ಸಮೇತ ಮಾರ್ತಿದ್ರೆ ಲಾಕಿಂಗ್ ನಟ್ಟಿನ (ಚಕ್ರ ಕಳ್ಳತನ ತಪ್ಪಿಸೋ ನಟ್ಟು) ಸಾಕೆಟ್ಟು, ಆ ಹೆಬ್ಬೆರಳುದ್ದದ ಕಬ್ಬಿಣದ ತುಂಡು, ಅದನ್ನ ಗಾಡಿ ಕೀ ಜೊತೆಗೇ ಗಿರಾಕಿ ಕೈಗೆ ಇಡಿ. ನನ್ನ ಹಿಂದಿನ ಗಾಡಿದು ಇನ್ನೂ ನನ್ನ ಟೂಲ್ ಬಾಕ್ಸಲ್ಲೇ ಇತ್ತು, ರಾತ್ರಿ ಹನ್ನೊಂದಕ್ಕೆ ಹೈವೇ ಪಕ್ಕದಿಂದ ಫೋನ್ ಬಂತು, "ಸರ್, ಪಂಕ್ಚರ್ ಆಗಿದೆ, ನಾಲ್ಕು ನಟ್ಟು ಬಂತು, ಐದನೇದು ಹೂವಿನ ಥರ ಇದೆ, ಇದಕ್ಕೆ ಯಾವ ಪಾನಾ ಹಾಕೋದು?"