ಜೀನ್ ಟೆಸ್ಟ್ ರಿಪೋರ್ಟನ್ನು ಫೋನಿನಲ್ಲಿ ಹೇಳುವುದು: ನನ್ನ ಅನುಭವ

ನಾನು ಬೆಂಗಳೂರಿನಲ್ಲಿ ಜೆನೆಟಿಕ್ ಕೌನ್ಸೆಲರ್, ಅಂದರೆ ಮನೆತನದಲ್ಲಿ ಬರುವ ಕಾಯಿಲೆಗಳ ಜೀನ್ ಟೆಸ್ಟ್ ಬಗ್ಗೆ ತಿಳಿಸಿ ಸಲಹೆ ಕೊಡುವವಳು. ನಮ್ಮಲ್ಲಿಗೆ ಜಾಸ್ತಿ ಬರುವುದು ಸ್ತನ, ಅಂಡಾಶಯದ ಕ್ಯಾನ್ಸರ್ ಇರುವ ಮನೆತನದವರು. ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳಲ್ಲಿ ಈ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ ಬದಲಾವಣೆ ಇದೆಯೇ ಎಂದು ನೋಡುವ ಟೆಸ್ಟಿನ ರಿಪೋರ್ಟ್ ಬರಲು ಕೆಲವು ವಾರ ಬೇಕು. ಬೀದರಿನವರನ್ನು ಅದಕ್ಕಾಗಿ ಮತ್ತೆ ರಾತ್ರಿ ಬಸ್ಸು ಹತ್ತಿಸುವುದು ನ್ಯಾಯವಲ್ಲ, ಅಲ್ವಾ? ಹಾಗಾಗಿ ಫೋನ್.

ಅರ್ಧ ಕೆಲಸ ರಕ್ತ ಕೊಟ್ಟ ದಿನವೇ ಮುಗಿದಿರಬೇಕು. ಯಾವ ನಂಬರಿಗೆ ಮಾಡಲಿ, ಎಷ್ಟು ಹೊತ್ತಿಗೆ, ನಿಮ್ಮನ್ನು ಬಿಟ್ಟು ಬೇರೆ ಯಾರಿಗೆ ಹೇಳಬಹುದು ಎಂದು ಕೇಳಿ ಬರೆದುಕೊಳ್ಳುತ್ತೇನೆ. ಎಷ್ಟೋ ಹೆಂಗಸರ ಫೈಲಿನಲ್ಲಿ ಗಂಡನದ್ದೋ ಮಗನದ್ದೋ ನಂಬರ್ ಇರುತ್ತದೆ. ಮಗ ಎತ್ತುತ್ತಾನೆ. "ನನಗೇ ಹೇಳಿ ಮೇಡಂ, ಅಮ್ಮ ತಡ್ಕೊಳ್ಳಲ್ಲ." ಅವನದು ಪ್ರೀತಿಯೇ. ಅಮ್ಮನಿಗೆ ಆ ಬದಲಾವಣೆ ಇದ್ದರೆ ಅವನಿಗೂ ಬಂದಿರುವ ಸಾಧ್ಯತೆ 50% ಬೇರೆ. ಆದರೂ ಅಮ್ಮ ಒಪ್ಪದೆ ಹೇಳುವುದಿಲ್ಲ. "ಅವರಿಗೆ ಯಾವಾಗ ಮಾಡಲಿ?" ಎಂದಷ್ಟೇ ಕೇಳುತ್ತೇನೆ.

ಅವರೇ ಸಿಕ್ಕಾಗ ಮೊದಲ ಪ್ರಶ್ನೆ, "ಈಗ ಎಲ್ಲಿದ್ದೀರಿ, ಪಕ್ಕದಲ್ಲಿ ಯಾರಿದ್ದಾರೆ?" ಬಸ್ಸಿನಲ್ಲಿದ್ದರೆ ಸಂಜೆಗೆ ಮುಂದೂಡುತ್ತೇನೆ. ಬಿಡುವಾಗಿದ್ದರೆ ಪೀಠಿಕೆ ಹಾಕುವುದಿಲ್ಲ. "ಅಮ್ಮಾ, ರಿಪೋರ್ಟ್ ಬಂದಿದೆ. ಬಿಆರ್‌ಸಿಎ1ರಲ್ಲಿ ತೊಂದರೆ ಕೊಡುವ ಬದಲಾವಣೆ ಸಿಕ್ಕಿದೆ." ಆಮೇಲೆ ಸುಮ್ನಿರುತ್ತೇನೆ. ಮುಖ ಕಾಣದಿದ್ದಾಗ ಹಾಗಿರುವುದು ಕಷ್ಟ. ಎಂಆರ್‌ಐ, ಅಂಡಾಶಯದ ಆಪರೇಷನ್, ಅಕ್ಕತಂಗಿಯರ ಟೆಸ್ಟ್ ಎಲ್ಲವನ್ನೂ ಒಂದೇ ಉಸಿರಿಗೆ ಸುರಿಯೋಣ ಅನ್ನಿಸುತ್ತದೆ. ಅವರಾಗಿ ಕೇಳುವ ಪ್ರಶ್ನೆಯಿಂದಲೇ ಮುಂದಿನ ಮಾತು ಶುರುಮಾಡುತ್ತೇನೆ. ಇಡುವ ಮೊದಲು, "ಮನೆಯಲ್ಲಿ ಏನಂತ ಹೇಳ್ತೀರಿ?" ಎಂದು ಕೇಳಿದರೆ ಎಷ್ಟು ತಲುಪಿದೆ ಎಂದು ತಿಳಿಯುತ್ತದೆ.

ಕೆಟ್ಟ ಸುದ್ದಿಗಿಂತ ಕಷ್ಟದ್ದು ವಿಯುಎಸ್, ಅಂದರೆ ಅರ್ಥ ಸ್ಪಷ್ಟವಾಗದ ಬದಲಾವಣೆ. ಬದಲಾವಣೆ ಇದೆ, ಅದರಿಂದ ಕಾಯಿಲೆ ಬರುತ್ತದೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ. "ಹಾಗಾದ್ರೆ ಆಪರೇಷನ್ ಮಾಡಿಸ್ಲಾ?" ಎನ್ನುತ್ತಾರೆ. ಇದೊಂದನ್ನೇ ನೋಡಿ ಬೇಡ, ಮನೆತನದ ಕಾಯಿಲೆ ನೋಡಿ ತೀರ್ಮಾನಿಸೋಣ ಎನ್ನುತ್ತೇನೆ. ಇಂಥವು ಮುಂದೆ ಸ್ಪಷ್ಟವಾದಾಗ ಹೆಚ್ಚಿನವು ನಿರುಪದ್ರವಿ ಎಂದೇ ತಿಳಿಯುತ್ತದೆ.

ಹಂಟಿಂಗ್ಟನ್ ಕಾಯಿಲೆ (ಮೆದುಳನ್ನು ಕ್ರಮೇಣ ಹಾಳುಮಾಡುವ, ಗುಣಪಡಿಸಲಾಗದ ಮನೆತನದ ಕಾಯಿಲೆ) ಮುಂದೆ ಬರುತ್ತದೆಯೇ ಎಂದು ನೋಡುವ ಟೆಸ್ಟಿನ ಫಲಿತಾಂಶವನ್ನು ಮಾತ್ರ ಫೋನಿನಲ್ಲಿ ಹೇಳುವುದಿಲ್ಲ. ಆದರೆ ರಿಪೋರ್ಟ್ ಬಂದ ಮೇಲೆ "ಇಲ್ಲಿಗೇ ಬನ್ನಿ" ಎಂದರೆ ಕೆಟ್ಟದ್ದೇ ಎಂದುಕೊಳ್ಳುತ್ತಾರೆ. ಅದಕ್ಕೇ ಫಲಿತಾಂಶ ಏನೇ ಇರಲಿ, ಜೊತೆಗೊಬ್ಬರನ್ನು ಕರೆದುಕೊಂಡು ಬರಬೇಕೆಂದು ಮೊದಲ ದಿನವೇ ಎಲ್ಲರಿಗೂ ಹೇಳಿರುತ್ತೇನೆ.