ಎಚ್-ಇಂಡೆಕ್ಸ್ ಲೆಕ್ಕಕ್ಕೆ ಮೊದಲು ಹೆಸರು ಸೋಸಿ

ಬಡ್ತಿ ಅರ್ಜಿ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ವರದಿ, ಪಿಎಚ್‌ಡಿ ಮಾರ್ಗದರ್ಶಕರ ಆಯ್ಕೆ, ಎಲ್ಲೆಡೆಯೂ ಈಗ ವಿಜ್ಞಾನಿಯ ಸಂಶೋಧನೆಯ ತೂಕವನ್ನು ಅಂಕಿಯಲ್ಲಿ ಕೇಳುತ್ತಾರೆ. ಹೆಚ್ಚಿನವರು ಗೂಗಲ್ ಸ್ಕಾಲರ್ ಪುಟ ತೆರೆದು ಎಚ್-ಇಂಡೆಕ್ಸ್ ಸೇರಿ ಅಲ್ಲಿರುವ ಮೂರು ಅಂಕಿಗಳನ್ನು ನಕಲು ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಎಚ್-ಇಂಡೆಕ್ಸ್ 6 ಎಂದರೆ ತಲಾ ಕನಿಷ್ಠ 6 ಸೈಟೇಷನ್ (ಬೇರೆ ಲೇಖನಗಳಲ್ಲಿ ಉಲ್ಲೇಖ) ಪಡೆದ 6 ಪ್ರಬಂಧಗಳಿವೆ ಎಂದರ್ಥ. ಆ ಪುಟಕ್ಕೆ ಬೇರೊಬ್ಬರ ಪ್ರಬಂಧಗಳು ನುಸುಳಿದ್ದರೆ ಮೂರೂ ತಪ್ಪು.

ಹಂತ 1: ಒಂದೇ ದತ್ತಸಂಚಯ (ಪ್ರಬಂಧಗಳ, ಅವುಗಳ ಉಲ್ಲೇಖಗಳ ಡೇಟಾಬೇಸ್) ಹಿಡಿಯಿರಿ. ಸಂಸ್ಥೆಗೆ ಸ್ಕೋಪಸ್ ಚಂದಾ ಇದ್ದರೆ ಅದು, ಇಲ್ಲವಾದರೆ ಉಚಿತವಾದ ಓಪನ್‌ಅಲೆಕ್ಸ್. ಗೂಗಲ್ ಸ್ಕಾಲರ್ ಪ್ರಿಪ್ರಿಂಟ್ (ಅಚ್ಚಾಗುವ ಮೊದಲಿನ ಪ್ರತಿ), ಥೀಸಿಸ್‌ಗಳನ್ನೂ ಎಣಿಸುವುದರಿಂದ ಸಂಖ್ಯೆ ಸಾಮಾನ್ಯವಾಗಿ ದೊಡ್ಡದಾಗಿಯೇ ಬರುತ್ತದೆ. ಬಿಟ್ಟುಹೋದ ಪ್ರಬಂಧ ಹುಡುಕಲು ಅದನ್ನು ಬಳಸಿ, ಅಂಕಿಗಾಗಿ ಬೇಡ. ಒಂದೇ ಕೋಷ್ಟಕದಲ್ಲಿ ಎರಡು ಕಡೆಯ ಅಂಕಿ ಬೆರೆಸಲೇಬೇಡಿ.

ಹಂತ 2: ಹೆಸರು ಸೋಸುವುದು. ಒಟ್ಟು ಸಮಯದ ಮುಕ್ಕಾಲು ಪಾಲು ಇಲ್ಲಿಗೇ ಮೀಸಲಿಡಿ.

ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಊರಿನದೋ ತಂದೆಯದೋ ಇನಿಷಿಯಲ್, ಆಮೇಲೆ ಸ್ವಂತ ಹೆಸರು, ಅಷ್ಟೇ. ಕೆ.ಎಸ್. ಮಂಜುನಾಥ ಎಂಬ ವಿಜ್ಞಾನಿ ಇದ್ದಾರೆಂದುಕೊಳ್ಳಿ. ಒಂದು ಸಂಶೋಧನಾ ಪತ್ರಿಕೆ ಅವರನ್ನು ‘ಮಂಜುನಾಥ ಕೆ.ಎಸ್.’ ಎಂದು ದಾಖಲಿಸುತ್ತದೆ. ಇನ್ನೊಂದು ‘ಕೆ.ಎಸ್.’ ಎಂಬುದನ್ನೇ ಕುಲನಾಮವೆಂದು ತಿಳಿದು ‘ಕೆ.ಎಸ್., ಎಂ.’ ಮಾಡುತ್ತದೆ. ಪಾಸ್‌ಪೋರ್ಟ್‌ಗಾಗಿ ಇನಿಷಿಯಲ್ ಬಿಡಿಸಿ ಬರೆದ ಮೇಲೆ ಮೂರನೆಯ ರೂಪ ಹುಟ್ಟುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗ್ ಕೊನೆಯ ‘ಎ’ ಬಿಟ್ಟುಹೋದರೆ ಮತ್ತೊಂದು. ಹೀಗೆ ಒಬ್ಬರೇ ನಾಲ್ಕಾಗಿ ಒಡೆದರೆ ಎಚ್-ಇಂಡೆಕ್ಸ್ ಇಳಿಯುತ್ತದೆ. ನಾಲ್ವರು ಮಂಜುನಾಥರು ಒಂದಾದರೆ ಏರುತ್ತದೆ.

ಅದಕ್ಕೇ ಮೊದಲು ಅವರ ಬಯೋಡೇಟಾ ಮತ್ತು ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ ತರಿಸಿಕೊಳ್ಳಿ. ಆರ್ಕಿಡ್ ಪುಟವನ್ನು ತುಂಬದೆ ಬಿಟ್ಟವರು ಬಹಳ, ಆದ್ದರಿಂದ ಅಲ್ಲಿಗೇ ನಿಲ್ಲಬೇಡಿ. ಹೆಸರಿನ ಎಲ್ಲ ರೂಪಗಳನ್ನೂ ಹುಡುಕಿ, ಸಿಕ್ಕಿದ್ದನ್ನೆಲ್ಲ ಸಿಎಸ್‌ವಿ (ಕೋಷ್ಟಕ ರೂಪದ) ಕಡತವಾಗಿ ಇಳಿಸಿಕೊಳ್ಳಿ. ಪ್ರತಿ ಪ್ರಬಂಧಕ್ಕೂ ಮೂರು ಗುರುತು ನೋಡಿ: ಆ ವರ್ಷ ಅವರಿದ್ದ ಸಂಸ್ಥೆಯ ವಿಳಾಸ, ಸಹಲೇಖಕರು, ವಿಷಯ. ಎರಡು ತಾಳೆಯಾದರೆ ‘ಹೌದು’. ಒಂದೇ ತಾಳೆಯಾದರೆ ‘ಸಂಶಯ’ ಎಂದು ಗುರುತಿಸಿ, ಪಿಡಿಎಫ್ ತೆರೆದು ಇಮೇಲ್ ವಿಳಾಸ ನೋಡಿ ಇತ್ಯರ್ಥ ಮಾಡಿ. ಯಾವುದೂ ಕೂಡದಿದ್ದರೆ ‘ಅಲ್ಲ’ ಎಂದು ಗುರುತಿಸಿ ಲೆಕ್ಕದಿಂದ ಬಿಡಿ. ಸಮಯ ಕಡಿಮೆಯಿದ್ದರೆ ಹೆಚ್ಚು ಸೈಟೇಷನ್ ಇರುವುದರಿಂದ ಕೆಳಗಿಳಿಯುತ್ತ ಬನ್ನಿ. ಎಚ್-ಇಂಡೆಕ್ಸ್‌ಗಿಂತ ತೀರಾ ಕಡಿಮೆ ಸೈಟೇಷನ್ ಇರುವ ಪ್ರಬಂಧ ಯಾರದಾದರೂ ಆ ಅಂಕಿ ಅಲುಗುವುದಿಲ್ಲ.

ಪ್ರಿಪ್ರಿಂಟ್ ಮತ್ತು ಅಚ್ಚಾದ ರೂಪ ಎರಡು ಸಾಲಾಗಿ ಬಂದಿದ್ದರೆ ಒಂದು ಮಾಡಿ. ಎರಡನ್ನೂ ಉಲ್ಲೇಖಿಸಿದ ಲೇಖನವನ್ನು ಎರಡು ಸಲ ಎಣಿಸಬೇಡಿ. ಸ್ಕೋಪಸ್‌ನಲ್ಲಿ ಪ್ರೊಫೈಲ್ ಒಡೆದಿದ್ದರೆ ಜೋಡಿಸುವಂತೆ ಅಲ್ಲಿಂದಲೇ ಕೋರಿಕೆ ಕಳುಹಿಸಬಹುದು. ಗೂಗಲ್ ಸ್ಕಾಲರ್ ಪುಟವನ್ನು ತಿದ್ದುವುದು ಅದರ ಒಡೆಯರಿಗೆ ಮಾತ್ರ ಸಾಧ್ಯ. ಪ್ರಬಂಧಗಳು ತಾವಾಗಿಯೇ ಸೇರುವ ಸೌಲಭ್ಯವನ್ನು ಅವರು ಆರಿಸಿಡುವುದು ಒಳ್ಳೆಯದು.

ಹಂತ 3: ಎಚ್-ಇಂಡೆಕ್ಸ್. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸೂಚಿಸಿದ ಲೆಕ್ಕ ಇದು. ಸೈಟೇಷನ್‌ಗಳನ್ನು ಇಳಿಕೆ ಕ್ರಮದಲ್ಲಿ ಬರೆಯಿರಿ: 52, 31, 18, 9, 7, 6, 4, 2. ಆರನೆಯದಕ್ಕೆ 6 ಇದೆ, ಏಳನೆಯದಕ್ಕೆ 4 ಮಾತ್ರ. ಎಚ್-ಇಂಡೆಕ್ಸ್ 6.

ಹಂತ 4: ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆಯಿರಿ. ಸ್ಕೋಪಸ್‌ನಲ್ಲಿ ಇದಕ್ಕೆ ಆಯ್ಕೆಯಿದೆ, ಗೂಗಲ್ ಸ್ಕಾಲರ್‌ನಲ್ಲಿಲ್ಲ. ಕಳೆದ ಮೇಲೆ ಪಟ್ಟಿಯನ್ನು ಮತ್ತೆ ಇಳಿಕೆ ಕ್ರಮಕ್ಕೆ ತರುವುದನ್ನು ಮರೆಯುವವರೇ ಹೆಚ್ಚು. ಹಳೆಯ ಕೆಲಸವನ್ನು ಮುಂದುವರಿಸುವವರು ಅದನ್ನು ಉಲ್ಲೇಖಿಸಲೇಬೇಕಾಗುತ್ತದೆ, ಅದು ಅಪರಾಧವಲ್ಲ. ಆದ್ದರಿಂದ ಕಳೆಯುವ ಮೊದಲಿನದು, ಕಳೆದ ಮೇಲಿನದು, ಎರಡನ್ನೂ ಕೊಡಿ.

ಹಂತ 5: ಕ್ಷೇತ್ರಕ್ಕೆ ತಕ್ಕ ಹೋಲಿಕೆ. ಗಣಿತಜ್ಞರ 15ನ್ನು ಜೀವವಿಜ್ಞಾನಿಯ 15ರ ಪಕ್ಕ ಇಡುವುದು ಅನ್ಯಾಯ. ಗಣಿತದಲ್ಲಿ ಪ್ರಬಂಧಗಳೂ ಉಲ್ಲೇಖಗಳೂ ಕಡಿಮೆ. ಅದೇ ವರ್ಷ, ಅದೇ ಕ್ಷೇತ್ರ, ಅದೇ ಬಗೆಯ ಪ್ರಬಂಧಗಳ ಜೊತೆ ಮಾತ್ರ ಹೋಲಿಸಿ. ಸ್ಕೋಪಸ್‌ನ ಎಫ್‌ಡಬ್ಲ್ಯೂಸಿಐ (ಕ್ಷೇತ್ರಕ್ಕೆ ತಕ್ಕಂತೆ ಸರಿದೂಗಿಸಿದ ಸೈಟೇಷನ್ ಸೂಚ್ಯಂಕ) ಮಾಡುವುದು ಇದನ್ನೇ. ಅಲ್ಲಿ 1 ಎಂದರೆ ಜಾಗತಿಕ ಸರಾಸರಿ. ಹತ್ತೇ ಪ್ರಬಂಧಗಳಿದ್ದರೆ ಒಂದು ಜನಪ್ರಿಯ ಪ್ರಬಂಧವೇ ಈ ಸರಾಸರಿಯನ್ನು ಎಳೆದೊಯ್ಯುತ್ತದೆ. ಅದರ ಬದಲು ಸೈಟೇಷನ್‌ನಲ್ಲಿ ಕ್ಷೇತ್ರದ ಮೇಲಿನ ಶೇ 10ರೊಳಗೆ ಎಷ್ಟು ಪ್ರಬಂಧಗಳಿವೆ ಎಂದು ಹೇಳಿ. ಎರಡು ವರ್ಷ ತುಂಬದ ಪ್ರಬಂಧಗಳನ್ನು ಈ ಹೋಲಿಕೆಗೆ ತರಬೇಡಿ.

ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರನ್ನು ವ್ಯಕ್ತಿಯ ಲೆಕ್ಕಕ್ಕೆ ಬರೆಯುವ ಅಡ್ಡದಾರಿ ಬೇಡ. ಅದು ಪತ್ರಿಕೆಯ ಪ್ರಬಂಧಗಳಿಗೆ ಬರುವ ಸೈಟೇಷನ್‌ಗಳ ಸರಾಸರಿ, ನಿಮ್ಮ ಮುಂದಿರುವ ಪ್ರಬಂಧದ ಬಗ್ಗೆ ಏನನ್ನೂ ಹೇಳದು. ಹಣ ಪಡೆದು ‘ಜಾಗತಿಕ ಇಂಪ್ಯಾಕ್ಟ್ ಫ್ಯಾಕ್ಟರ್’ ಪ್ರಮಾಣಪತ್ರ ಕೊಡುವ ಜಾಲತಾಣಗಳಂತೂ ಶುದ್ಧ ಮೋಸ. ಅಸಲಿ ಅಂಕಿ ಪ್ರಕಟಿಸುವುದು ಕ್ಲಾರಿವೇಟ್ ಸಂಸ್ಥೆ ಮಾತ್ರ.

ಹಂತ 6: ಸಹಯೋಗ. ಸಹಲೇಖಕರ ತಲೆ ಎಣಿಸಿದರೆ ಸಾಲದು. ಹಿಗ್ಸ್ ಬೋಸಾನ್‌ನ ದ್ರವ್ಯರಾಶಿ ಕುರಿತ 2015ರ ಒಂದು ಪ್ರಬಂಧಕ್ಕೆ 5,154 ಲೇಖಕರು. 100 ಲೇಖಕರ ಪ್ರಬಂಧವೊಂದರಿಂದಲೇ 4,950 ‘ಜೋಡಿಗಳು’ ಹುಟ್ಟುತ್ತವೆ, ಅವರಲ್ಲಿ ಹಲವರು ಪರಸ್ಪರ ಮುಖ ಕಂಡವರೇ ಅಲ್ಲ. ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಸಹಯೋಗದ ನಕ್ಷೆ ಬಿಡಿಸುವ ಉಚಿತ ತಂತ್ರಾಂಶ ವಿಒಎಸ್‌ವ್ಯೂವರ್‌ಗೆ ಸ್ಕೋಪಸ್‌ನ ಸಿಎಸ್‌ವಿ ಕೊಟ್ಟು (ಓಪನ್‌ಅಲೆಕ್ಸ್ ಆದರೆ ತಂತ್ರಾಂಶದೊಳಗಿಂದಲೇ ದತ್ತಾಂಶ ತರಿಸಿಕೊಂಡು), ಅದರಲ್ಲಿ ಭಿನ್ನಾಂಶ ಎಣಿಕೆಯನ್ನೇ (ಲೇಖಕರು ಹೆಚ್ಚಿದಷ್ಟೂ ಪ್ರತಿ ಜೋಡಿಗೆ ಸಣ್ಣ ಪಾಲು) ಆರಿಸಿ. ಒಂದು ಪ್ರಬಂಧಕ್ಕೆ ಲೇಖಕರ ಗರಿಷ್ಠ ಮಿತಿಯನ್ನು 25ಕ್ಕೇ ಬಿಡಿ.

ಸಂಸ್ಥೆಗಳ ನಕ್ಷೆಯಲ್ಲಿ ನಮ್ಮವರಿಗೆ ಇನ್ನೊಂದು ತೊಡಕಿದೆ. 2014ರ ನವೆಂಬರ್‌ನಲ್ಲಿ ನಗರಗಳ ಇಂಗ್ಲಿಷ್ ಹೆಸರು ಬದಲಾದ ಮೇಲೆ ಒಂದೇ ಸಂಸ್ಥೆ ‘ಬ್ಯಾಂಗಲೋರ್’ ಒಂದು ಚುಕ್ಕೆ, ‘ಬೆಂಗಳೂರು’ ಇನ್ನೊಂದು ಚುಕ್ಕೆಯಾಗಿ ನಿಲ್ಲುತ್ತದೆ. ಎರಡು ಕಂಬಸಾಲಿನ ಪಠ್ಯ ಕಡತ ಮಾಡಿ: ಇಂಗ್ಲಿಷ್‌ನಲ್ಲಿ ‘ಲೇಬಲ್’, ‘ರಿಪ್ಲೇಸ್ ಬೈ’ ಎಂಬ ಶೀರ್ಷಿಕೆ, ನಡುವೆ ಟ್ಯಾಬ್. ಹಳೆಯ ರೂಪದ ಎದುರು ಹೊಸದನ್ನು ಬರೆದು, ನಕ್ಷೆ ಮಾಡುವಾಗ ಥೆಸಾರಸ್ (ಹೆಸರು ಬದಲಿಸುವ ಪಟ್ಟಿ) ಕಡತವಾಗಿ ಸೇರಿಸಿ. ಹಂತ 2ರ ಹೆಸರು ರೂಪಗಳಿಗೂ ಲೇಖಕರ ನಕ್ಷೆಯಲ್ಲಿ ಇದೇ ಮದ್ದು.

ಮೊದಲ ಹೆಸರು, ಕೊನೆಯ ಹೆಸರು ಎಂದು ಪಾತ್ರ ಅಳೆಯುವಾಗ ಗಣಿತವನ್ನು ಹೊರಗಿಡಿ, ಅಲ್ಲಿ ಅಕಾರಾದಿ ಕ್ರಮವೇ ರೂಢಿ. ಒಬ್ಬರೇ ಲೇಖಕರು ಎರಡು ದೇಶಗಳ ವಿಳಾಸ ಕೊಟ್ಟಿದ್ದರೆ ಅದನ್ನು ಅಂತರರಾಷ್ಟ್ರೀಯ ಸಹಯೋಗವೆಂದು ಎಣಿಸಬೇಡಿ.

ಕೋಷ್ಟಕದ ಅಡಿಯಲ್ಲಿ ದತ್ತಸಂಚಯದ ಹೆಸರು, ಇಳಿಸಿಕೊಂಡ ದಿನಾಂಕ ಬರೆಯಿರಿ. ‘ಹೌದು’, ‘ಅಲ್ಲ’ ಗುರುತುಗಳಿರುವ ಸಿಎಸ್‌ವಿಯನ್ನು ವರದಿಯ ಜೊತೆಗೇ ಇಡಿ. ಸಮಿತಿಯಲ್ಲಿ ಯಾರಾದರೂ ಪ್ರಶ್ನಿಸಿದರೆ ತೆರೆದು ತೋರಿಸಬೇಕಾದದ್ದು ಅದನ್ನೇ.